ಹಳೆ ಹಿಟ್ಟು ಎಷ್ಟು ದಿನ?

ನಿನ್ನೆಯ ಒಂದು ಸೌಟು ದೋಸೆ ಹಿಟ್ಟನ್ನು ಇಂದು ರುಬ್ಬಿದ್ದಕ್ಕೆ ಬೆರೆಸುವುದು ನಮ್ಮ ಮನೆಗಳ ರೂಢಿ. ತಪ್ಪೇನಿಲ್ಲ. ಹಿಟ್ಟನ್ನು ಉಬ್ಬಿಸುವುದು ಬಹುಪಾಲು ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಉದ್ದಿನಬೇಳೆಯೊಡನೆಯೇ ಅದು ಬಂದಿರುತ್ತದೆ. ಹಳೆ ಹಿಟ್ಟು ಕೆಲಸವನ್ನು ಬೇಗ ಶುರುಮಾಡುತ್ತದೆ, ಅಷ್ಟೆ.

ಚಳಿಗಾಲದಲ್ಲಿ ಹಿಟ್ಟು ಉಬ್ಬದಿದ್ದರೆ ಸೋಡಾ ಸುರಿಯಬೇಡಿ. ಬೆಚ್ಚಗಿನ ಕಡೆ ಇನ್ನಷ್ಟು ಹೊತ್ತು ಇಡಿ. ಏಪ್ರಿಲ್‌ನ ಹಿರಿಯೂರಿನ ಸೆಕೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳಿ ವಿಪರೀತ. ಬರೀ ಹುಳಿಗೆ ಹೆದರಬೇಕಿಲ್ಲ, ಎದೆಯುರಿ ಇರುವವರಿಗೆ ಒಗ್ಗದು.

ನನ್ನ ಚಿಂತೆ ಬೂಷ್ಟಿನದು. ಹಸಿರು, ಕಪ್ಪು, ಗುಲಾಬಿ ಚುಕ್ಕೆಗಳನ್ನು ಕೆರೆದು ತೆಗೆದು, ಉಳಿದದ್ದನ್ನು ಹೊಸ ಹಿಟ್ಟಿಗೆ ಸೇರಿಸುವವರಿದ್ದಾರೆ. "ಕಾವಲಿ ಮೇಲೆ ಎಲ್ಲಾ ಸುಟ್ಟುಹೋಗುತ್ತಲ್ಲಾ ಡಾಕ್ಟ್ರೇ?" ಎಂದರು ಹೊಳಲ್ಕೆರೆಯ ತಾಯಿಯೊಬ್ಬರು, ವಾಂತಿಯಿಂದ ಬಸವಳಿದ ಮಗುವನ್ನು ಮಡಿಲಲ್ಲಿಟ್ಟುಕೊಂಡು. ಹೋಗುವುದಿಲ್ಲ. ಕ್ರಿಮಿ ಸಾಯಬಹುದು, ಅದು ಬಿಟ್ಟ ಕೆಲವು ವಿಷಗಳು ಕಾವಿಗೂ ಜಗ್ಗುವುದಿಲ್ಲ. ಬೂಷ್ಟಿನ ಎಳೆಗಳೂ ಕಣ್ಣಿಗೆ ಕಾಣದಂತೆ ಕೆಳಗಿಳಿದಿರುತ್ತವೆ. ಅಂಥ ಹಿಟ್ಟನ್ನು ಪೂರ್ತಿ ಚೆಲ್ಲಿ, ಪಾತ್ರೆಯನ್ನು ಕುದಿನೀರಿನಿಂದ ತೊಳೆಯಿರಿ.

ಎತ್ತಿಡುವುದಾದರೆ ಹಿಟ್ಟು ಉಬ್ಬಿದ ದಿನವೇ ಒಣ ಸೌಟಿನಿಂದ ತೆಗೆದು, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗಿಡಿ. ಎರಡು ಮೂರು ದಿನದೊಳಗೆ ಬಳಸಿ. ಫ್ರಿಜ್ ಇಲ್ಲದವರು ಹಳೆಯದರ ಗೊಡವೆಗೇ ಹೋಗಬೇಡಿ. ಒಳ್ಳೆಯ ಉದ್ದಿನಬೇಳೆ ಇದ್ದರೆ ಹಿಟ್ಟು ತಾನಾಗಿಯೇ ಉಬ್ಬುತ್ತದೆ.