ಕಡಿದ ನರದ ಗಂಟು

ಶಿವಮೊಗ್ಗ, ಭದ್ರಾವತಿಗಳ ಸುತ್ತಣ ಹಳ್ಳಿಗಳಲ್ಲಿ ಎತ್ತಿನ ಬಾಲವನ್ನು ತಿರುಚಿ ಗಾಡಿ ಓಡಿಸುವ ಹಳೆಯ ಚಾಳಿಯನ್ನು ವಾಚಕರು ಕಂಡಿರಬಹುದು. ಜಜ್ಜಿದ ಬಾಲ ಕೊಳೆತರೆ ಅದನ್ನು ಕತ್ತರಿಸಬೇಕಾಗುತ್ತದೆ. ಗಾಯ ಮಾದು ತಿಂಗಳುಗಳು ಕಳೆದರೂ ಮೊಂಡುಬಾಲವನ್ನು ಮುಟ್ಟಿದೊಡನೆ ಎತ್ತು ಒದೆದರೆ, ಒಡೆಯನು ಅದನ್ನು ತುಂಟತನವೆಂದೆಣಿಸಿ ಚಾವಟಿಯನ್ನೆತ್ತುತ್ತಾನೆ. ದೋಷವಿರುವುದು ಸ್ವಭಾವದಲ್ಲಲ್ಲ, ನರದ ತುದಿಯಲ್ಲಿ ಇರಬಹುದು.

ಕಡಿದ ನರದ ಹೊರತುಂಡು ನಶಿಸುವುದನ್ನು ವಾಲರನು 1850ರಲ್ಲಿ ಕಪ್ಪೆಯ ನಾಲಗೆಯ ನರಗಳಲ್ಲಿ ತೋರಿಸಿದನು. ಒಳತುಂಡಾದರೋ ಸಾಯದೆ ಹೊಸ ಎಳೆಗಳನ್ನು ಚಿಗುರಿಸುತ್ತದೆ. ಮುಂದೆ ದಾರಿ ದೊರೆಯದ ಆ ಎಳೆಗಳು ಗಾಯದ ಕಲೆಯಲ್ಲಿ ಸಿಕ್ಕಿ ಗೋಜಲಾಗುತ್ತವೆ. ಇದೇ ನ್ಯೂರೋಮ, ಇದು ಏಡಿಗಂತಿಯಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರ ಇಂತಹ ನೋವನ್ನು ಮಿಚೆಲನು 1872ರ ತನ್ನ ಗ್ರಂಥದಲ್ಲಿ ವಿವರಿಸಿದನು. ಸೈನಿಕನು ಬಾಯಿಬಿಟ್ಟು ಹೇಳಬಲ್ಲನು. ಎತ್ತು ಒದೆಯಬಲ್ಲದು, ಅಷ್ಟೆ.

ಇದರ ತಡೆ ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಆರಂಭವಾಗಬೇಕು. ಮೊದಲು ನರಕ್ಕೆ ಅರಿವಳಿಕೆ ಕೊಟ್ಟು, ಜಜ್ಜದೆ ಎಳೆದಾಡದೆ ಹರಿತವಾದ ಅಲಗಿನಿಂದ ಅದನ್ನು ಕತ್ತರಿಸಬೇಕು. ತುದಿಯು ಚರ್ಮದ ಕೆಳಗೆ ಉಜ್ಜಿಸಿಕೊಳ್ಳದಂತೆ ಸ್ನಾಯುವಿನೊಳಗೆ ಹುದುಗಿಸುವುದು ಮೇಲು. ಅಪಘಾತದಲ್ಲಿ ತುಂಡಾದ ನರದ ಎರಡು ತುದಿಗಳನ್ನೂ ಹೊಲಿದು ಕೂಡಿಸಲು ಸಾಧ್ಯವಾದರೆ ಚಿಗುರಿಗೆ ಅದರ ಹಳೆಯ ದಾರಿಯೇ ದೊರೆಯುತ್ತದೆ. ಕುದುರೆಯ ಕುಂಟುತನಕ್ಕೆ ಪಾದದ ನರವನ್ನು ಕತ್ತರಿಸುವ ವೈದ್ಯರಿಗೆ ಈ ಗಂಟು ಚಿರಪರಿಚಿತ ತೊಡಕು. ಯಾವ ವಿಧಾನವೂ ಪೂರ್ಣ ಭರವಸೆ ಕೊಡುವುದಿಲ್ಲವೆಂದೂ ಹೇಳಬೇಕು. ಗಂಟಿನ ಬಳಿ ಅರಿವಳಿಕೆ ಚುಚ್ಚಿದಾಗ ಒದೆತ ನಿಂತರೆ ಕಾರಣವು ಅಲ್ಲಿಯೇ ಇದೆಯೆಂದು ಊಹಿಸಬಹುದು. ಆ ಗಂಟನ್ನು ಕತ್ತರಿಸಿ ತೆಗೆಯಬಹುದಾದರೂ, ಅದು ಮತ್ತೆ ಚಿಗುರಬಲ್ಲದು.