ಹಗ್ಗ ಹಿಡಿದವರ ರಾತ್ರಿ

ಶಿವರಾತ್ರಿಯ ಆಸುಪಾಸಿನಲ್ಲಿ ಸೆಕೆ ಏರತೊಡಗಿದಾಗ ಶಿರಸಿಯ ಓಣಿಗಳಲ್ಲಿ ರಾತ್ರಿಯೂಟದ ಬಳಿಕ ತಮಟೆ ಕೇಳಿಸುತ್ತದೆ. ಹಗಲು ದುಡಿದು ಬಂದ ಹುಡುಗರು ಒಂದೆಡೆ ಸೇರಿ ಮತ್ತೆ ಮೈ ಬೆವರಿಸಿಕೊಳ್ಳುತ್ತಾರೆ. ಅದು ಬೇಡರ ವೇಷದ ತಾಲೀಮು.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯಿಲ್ಲದ ವರ್ಷದ ಹೋಳಿಗೆ ಬೇಡರ ವೇಷ. 2024ರಲ್ಲಿ ಜಾತ್ರೆ ಮುಗಿಯಿತು, 2025ರಲ್ಲಿ ಬೇಡರು ಬೀದಿಗಿಳಿದರು. ಹುಣ್ಣಿಮೆಗೆ ಮುಂಚಿನ ಕೆಲವು ರಾತ್ರಿ ಊರು ನಿದ್ದೆ ಮಾಡುವುದಿಲ್ಲ.

ಇದರ ಹಿಂದೆ ಸೋದೆ ಅರಸರ ಕಾಲದ್ದೆನ್ನುವ ಐತಿಹ್ಯವಿದೆ. ಊರು ಕಾಯಲು ನೇಮಕಗೊಂಡ ಮಲ್ಲೇಶಿ ಎಂಬ ಬೇಡ ಬರಬರುತ್ತ ಊರಿಗೇ ಕಂಟಕನಾದ. ರುದ್ರಾಂಬೆ ಎಂಬ ಹೆಣ್ಣುಮಗಳು ಅವನನ್ನು ಮದುವೆಯಾಗಿ, ಹೋಳಿಯ ಕುಣಿತದಲ್ಲಿ ಮೈಮರೆತಿದ್ದವನ ಕಣ್ಣಿಗೆ ಸುಡುವ ದ್ರವ ಎರಚಿದಳು. ಕುರುಡಾದ ಬೇಡ ಕತ್ತಿ ಬೀಸುತ್ತ ಅವಳ ಮೇಲೇರಿ ಹೋದಾಗ ಜನ ಹಿಡಿದು ಕಟ್ಟಿದರು. ಅವನನ್ನು ಸುಟ್ಟ ಬೆಂಕಿಗೆ ಅವಳೂ ಹಾರಿದಳು.

ಬೀದಿಯಲ್ಲಿ ಕಾಣುವುದು ಆ ಒಂದು ಗಳಿಗೆ. ಕೆಂಪು ಬಳಿದ ಮುಖ, ಹತ್ತಿಯ ದಪ್ಪ ಮೀಸೆ, ಬೆನ್ನ ಮೇಲೆ ನವಿಲುಗರಿಯ ಹೊರೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ ಗುರಾಣಿ. ಬಣ್ಣ ಬರೆದು ವೇಷ ಕಟ್ಟಲು ತಾಸುಗಟ್ಟಲೆ ಬೇಕು. ಎದುರಿಗೆ ರುದ್ರಾಂಬೆ, ಹಿಂದೆ ಬೇಡನ ಸೊಂಟಕ್ಕೆ ಬಿಗಿದ ಹಗ್ಗ ಹಿಡಿದ ಇಬ್ಬರು.

ಎಲ್ಲರ ಕಣ್ಣೂ ಬೇಡನ ಮೇಲೆ. ನನಗೆ ಈ ಕಲೆಯ ಜೀವ ಹಗ್ಗದಲ್ಲಿ ಕಾಣುತ್ತದೆ. ಅವನು ನೆಗೆಯುವ ಮೊದಲೇ ಹಗ್ಗ ಬಿಗಿದರೆ ಆರ್ಭಟ ಅಲ್ಲೇ ಸತ್ತುಹೋಗುತ್ತದೆ. ಒಂದು ಕ್ಷಣ ತಡೆದು ಬಿಗಿದರೆ ಕತ್ತಿ ಜನರ ನಡುವೆ ಇಳಿಯುತ್ತದೆ. ನಡುರಾತ್ರಿ ಕಳೆದು ಬೇಡನ ಕಾಲು ಭಾರವಾದಾಗ ಅದನ್ನು ಮೊದಲು ಅರಿಯುವುದು ಹಗ್ಗ ಹಿಡಿದ ಅಂಗೈ. ನೆಗೆತ ಎಷ್ಟು ದೂರ ಹೋಗಬೇಕು, ಯಾವಾಗ ಉಸಿರಿಗೆ ಬಿಡುವು ಕೊಡಬೇಕು ಎಂಬುದೆಲ್ಲ ಮಾತಿಲ್ಲದೆ ತಿಳಿಯಬೇಕು. ಒಬ್ಬನೇ ಮನೆಯಂಗಳದಲ್ಲಿ ಕುಣಿದು ಇದನ್ನು ಕಲಿಯಲಾಗದು. ತಾಲೀಮು ಇರುವುದು ಅದಕ್ಕೇ.

ಸೆಕೆಯೂ ತಾಲೀಮಿನ ಪಾಠವೇ. ಕತ್ತಲಾದರೆ ತಂಪು ಎಂದು ನಂಬುವಂತಿಲ್ಲ. ಗಾಳಿ ತಣಿದಂತೆ ಅದರ ಸಾಪೇಕ್ಷ ತೇವಾಂಶ ಏರಿ ಬೆವರು ಆರುವುದು ನಿಧಾನವಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಅದೇ ಬೆವರು ಬಣ್ಣ, ಬಟ್ಟೆ, ಗರಿಗಳ ಅಡಿಯಲ್ಲಿ ಹನಿದು ಹೋದರೆ ಶಾಖ ಮೈಯಲ್ಲೇ ಉಳಿಯುತ್ತದೆ. ರಾತ್ರಿ ಮ್ಯಾರಥಾನ್‌ನ 42.195 ಕಿಲೋಮೀಟರ್ ಓಡುವವರದ್ದೂ ಇದೇ ಪಾಡು. ಬಿಸಿಯಲ್ಲಿ 10ರಿಂದ 14 ದಿನ ಬಿಡದೆ ಮೈ ದಂಡಿಸಿದರೆ ದೇಹ ಬೇಗ ಬೆವರುವುದನ್ನೂ ಬೆವರಿನಲ್ಲಿ ಉಪ್ಪು ಹೋಗದಂತೆ ಉಳಿಸಿಕೊಳ್ಳುವುದನ್ನೂ ಕಲಿಯುತ್ತದೆ ಎಂದು ತರಬೇತುದಾರರು ಹೇಳುತ್ತಾರೆ. ಶಿರಸಿಯ ಹುಡುಗರ ಮೈ ಅದನ್ನು ತಮಟೆಯ ಜೊತೆಗೇ ಕಲಿಯುತ್ತದೆ.

ಆಸರಿಗೂ ಈ ಸೀಮೆಯಲ್ಲಿ ಬರವಿಲ್ಲ. ಉಪ್ಪು ಹಾಕಿದ ಮಜ್ಜಿಗೆ, ಬೆಲ್ಲ, ಮುರುಗಲು ಪಾನಕ ಮನೆಮನೆಯಲ್ಲೂ ಉಂಟು. ಹೊತ್ತುಗಟ್ಟಲೆ ಬೆವರಿದವರು ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಉಪ್ಪು ಬೆರೆತ ಮಜ್ಜಿಗೆ ಅಲ್ಲಿ ನೆರವಿಗೆ ಬರುತ್ತದೆ. ನಿದ್ದೆ ತರಿಸುತ್ತದೆಂದು ಹೆಸರಾದ ಅಪ್ಪೆಹುಳಿ ಮಾತ್ರ ಕುಣಿತ ಮುಗಿದ ಮೇಲಿನ ಊಟಕ್ಕಿರಲಿ.

ಈ ವೇಷ ನೋಡಲು ಈಗ ದೂರದೂರುಗಳಿಂದ ಜನ ಬರುತ್ತಾರೆ. ಕತ್ತಿ ಬೀಸುವಷ್ಟು ಜಾಗ ಬಿಟ್ಟು ನಿಲ್ಲುವುದು ನೋಡುಗರು ಕಲೆಗೆ ಕೊಡಬಹುದಾದ ಮೊದಲ ಮರ್ಯಾದೆ. ಬರುವವರಿಗೆ ನನ್ನದೊಂದು ಕೋರಿಕೆಯೂ ಇದೆ. ಹೋಳಿಗೆ ವಾರ ಮುಂಚೆಯೇ ಬನ್ನಿ. ಬಣ್ಣವಿಲ್ಲದ, ಗರಿಯಿಲ್ಲದ ಒಂದು ತಾಲೀಮು ನೋಡಿ. ಆಮೇಲೆ ವೇಷದ ರಾತ್ರಿ ಬೇಡ ನಿಮ್ಮತ್ತ ನುಗ್ಗಿ, ಒಂದು ಮಾರಿನಾಚೆ ತಡೆದು ನಿಂತಾಗ ನಿಮ್ಮ ಕಣ್ಣು ತಾನಾಗಿ ಅವನ ಬೆನ್ನ ಹಿಂದಿನವರನ್ನು ಹುಡುಕುತ್ತದೆ.