ಮೊದಲ ಪಗಾರವೋ, ಬಾಳಿನ ಬೆಳೆಯೋ?

ಹನ್ನೆರಡನೆಯ ಇಯತ್ತೆಯ ಫಲಿತಾಂಶವು ಪ್ರಕಟವಾಯಿತೆಂದರೆ ಮಗರಪಟ್ಟಾದ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಮಗನು ಯಾವ ವಿಷಯವನ್ನು ಆರಿಸಬೇಕು? ಮಗಳನ್ನು ಯಾವ ಕಾಲೇಜಿಗೆ ಕಳಿಸಬೇಕು? ಚರ್ಚೆಯು ಎಲ್ಲಿಂದ ಆರಂಭವಾದರೂ ಕೊನೆಗೆ ಬಂದು ನಿಲ್ಲುವುದು, “ಕಲಿತ ಮೇಲೆ ಪಗಾರ ಎಷ್ಟು ಬಂದೀತು?” ಎಂಬಲ್ಲಿಯೇ.

ಈ ಪ್ರಶ್ನೆಯನ್ನು ಹೀನವೆಂದು ತಳ್ಳಿಹಾಕುವಂತಿಲ್ಲ. ಉಪಜೀವನಕ್ಕಾಗಿ ಊರು ಬಿಟ್ಟು ಬಂದ ನಮಗೆ ಇಲ್ಲಿ ಪಿತ್ರಾರ್ಜಿತ ಹೊಲಮನೆಗಳಿಲ್ಲ. ಮಕ್ಕಳ ವಿದ್ಯೆಯೇ ನಮ್ಮ ಆಸ್ತಿ. ಆದರೆ ಈಚೆಗೆ ನೆರೆಯ ಗೃಹಸ್ಥರೊಬ್ಬರ ಮನೆಯಲ್ಲಿ ಕೇಳಿದ ಮಾತೊಂದು ಈ ಲೇಖಕನನ್ನು ಯೋಚನೆಗೆ ಹಚ್ಚಿತು. ತಂದೆಯ ಇಚ್ಛೆ ಕಂಪ್ಯೂಟರ್ ಶಾಖೆ. ಮಗಳ ಒಲವು ಸಂಖ್ಯಾಶಾಸ್ತ್ರ. ಆಕೆ ಮೆಲ್ಲಗೆ ಕೇಳಿದಳು: “ಅಪ್ಪಾ, ಮೊದಲನೇ ವರ್ಷದ ಪಗಾರ ಕೇಳಿಕೊಂಡು ಬಂದ್ರಿ. ಹತ್ತನೇ ವರ್ಷದ್ದು ಯಾಕ ಕೇಳಲಿಲ್ಲ?”

ಈ ಪ್ರಶ್ನೆಗೆ ಉತ್ತರವು ನಾವು ವಾಸಿಸುವ ನೆಲದಲ್ಲಿಯೇ ಇದೆ. ಇಂದು ಸೈಬರ್ ಸಿಟಿಯ ಗಾಜಿನ ಕಟ್ಟಡಗಳು ನಿಂತಿರುವಲ್ಲಿ ಹಿಂದೆ ಮಗರ ಮನೆತನಗಳ ಹೊಲಗಳಿದ್ದವು. ಪುಣೆಯು ಬೆಳೆದು ಹಡಪಸರವನ್ನು ಮುಟ್ಟಿದಾಗ ಆ ರೈತರು ಭೂಮಿಯನ್ನು ತುಂಡುತುಂಡಾಗಿ ಮಾರಿಕೊಳ್ಳಬಹುದಿತ್ತು. ಹಾಗೆ ಮಾಡದೆ, ಸುಮಾರು 120 ಕುಟುಂಬಗಳು ಸುಮಾರು 400 ಎಕರೆಯನ್ನು ಒಂದುಗೂಡಿಸಿ, ತಮ್ಮದೇ ಕಂಪನಿಯನ್ನು ಸ್ಥಾಪಿಸಿ, ಭೂಮಿಯ ಪ್ರಮಾಣಕ್ಕೆ ತಕ್ಕಂತೆ ಅದರಲ್ಲಿ ಪಾಲು ಪಡೆದವು. ಮಾರಿದ್ದರೆ ಹಣವು ಒಂದೇ ಸಲ ಕೈಸೇರಿ ಕರಗುತ್ತಿತ್ತು. ಪಾಲನ್ನು ಉಳಿಸಿಕೊಂಡದ್ದರಿಂದ ಆದಾಯವೂ ಉಳಿಯಿತು.

ಮೊದಲ ಪಗಾರವನ್ನಷ್ಟೇ ನೋಡಿ ವಿಷಯವನ್ನು ಆರಿಸುವುದೆಂದರೆ ಹೊಲವನ್ನು ಒಂದೇ ಸಲಕ್ಕೆ ಮಾರಿದಂತೆ. ಇಂದಿನ ಪೇಟೆಯ ದರವನ್ನು ನೋಡಿ ಬಿತ್ತಿದ ಬೆಳೆ ಕೈಗೆ ಬರುವುದು ನಾಲ್ಕು ವರ್ಷಗಳ ನಂತರ. 2001ರಲ್ಲಿ, 2008ರಲ್ಲಿ, ಮತ್ತೆ 2023ರಲ್ಲಿ ಐಟಿ ಕ್ಷೇತ್ರದ ನೇಮಕಾತಿಗೆ ಹಿನ್ನಡೆಯಾದುದನ್ನು ಈ ಬಡಾವಣೆಯ ಜನರು ಕಣ್ಣಾರೆ ಕಂಡವರೇ. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಸಾಮಾನ್ಯ ವೇತನವಂತೂ ಹತ್ತು ವರ್ಷಗಳಿಗೂ ಮೀರಿ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ನಿಂತಿದೆ.

ಇನ್ನು ಖರ್ಚಿನ ಲೆಕ್ಕ. ಹತ್ತು ಲಕ್ಷ ರೂಪಾಯಿಗಳ ಸಾಲವನ್ನು ಶೇಕಡಾ 10ರ ಬಡ್ಡಿಯಲ್ಲಿ ಏಳು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 16,600 ರೂಪಾಯಿ. ಮೂರೂವರೆ ಲಕ್ಷದವನಿಗೆ ತಿಂಗಳಿಗೆ ದೊರೆಯುವುದು ಸುಮಾರು 29,000. ಅರ್ಧಕ್ಕಿಂತ ಹೆಚ್ಚು ಪಗಾರವು ಬ್ಯಾಂಕಿಗೇ ಹೋದರೆ ಆ ತರುಣನು ಬಾಡಿಗೆಗೇನು ಕೊಟ್ಟಾನು, ಮನೆಗೇನು ಕಳಿಸಿಯಾನು? ಆದುದರಿಂದ ಗಳಿಕೆಯ ವಿಚಾರದಲ್ಲಿ ಮೊದಲು ನೋಡಬೇಕಾದುದು ಕಡಿಮೆ ಖರ್ಚಿನ ಒಳ್ಳೆಯ ಕಾಲೇಜನ್ನು.

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಇದೇ ಪುಣೆಗೆ ಎಂಜಿನಿಯರಿಂಗ್ ಕಲಿಯಲು ಬಂದದ್ದು ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ. 1883ರಲ್ಲಿ ಪ್ರಥಮರಾಗಿ ತೇರ್ಗಡೆಯಾದ ಅವರು ಮುಂದೆ ಖಡಕವಾಸಲಾ ಜಲಾಶಯಕ್ಕೆ ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನಮ್ಮ ಮಕ್ಕಳಿಗೂ ತವರುನಾಡಿನ ದಾರಿಯೊಂದಿದೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಹೊರನಾಡ ಹಾಗೂ ಗಡಿನಾಡ ಕನ್ನಡಿಗರಿಗೆಂದು ಅರ್ಹತೆಯ ನಿಯಮಗಳಿವೆ; ಅವರಿಗಾಗಿ ಕನ್ನಡ ಭಾಷಾ ಪರೀಕ್ಷೆಯೂ ನಡೆಯುತ್ತದೆ. ಆಯಾ ವರ್ಷದ ನಿಯಮಗಳನ್ನು ಓದಿಕೊಳ್ಳುವುದು ಪಾಲಕರ ಕರ್ತವ್ಯ. ಮನೆಯಲ್ಲಿ ಮಾತಾಡಿ ಓದುಬರಹವನ್ನು ಮಾತ್ರ ಕಲಿಸದೆ ಬಿಟ್ಟ ಕನ್ನಡವು ಆ ಪರೀಕ್ಷೆಯ ದಿನ ನೆರವಿಗೆ ಬಾರದು.

ಅಭಿರುಚಿಯೊಂದನ್ನೇ ನಂಬಬೇಕೆಂದು ಇದರ ಅರ್ಥವಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದ್ದು ಚಿತ್ರಕಾರರಾಗಲೆಂದು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷವು ಆ ದಾರಿಯನ್ನು ಮುಚ್ಚಿತು. ಅವರು ರೇಖೆಯನ್ನು ಬಿಡಲಿಲ್ಲ. ಬಣ್ಣ ಬೇಡದ ಯಂತ್ರರೇಖನವನ್ನು ಕಲಿತು ಅದನ್ನೇ ಕಲಿಸುವ ಶಿಕ್ಷಕರಾದರು. ಅನಂತರ ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. ನಮ್ಮ ಪಕ್ಕದ ಹಡಪಸರದ ಔದ್ಯೋಗಿಕ ವಸಾಹತಿನಲ್ಲಿಯೂ ಮುಂದೆ ಅದೇ ಹೆಸರಿನ ಕಾರಖಾನೆಯು ತಲೆಯೆತ್ತಿತು. ತನ್ನ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಅರಿತವನ ಆಯ್ಕೆ ಅದು.

ಆದುದರಿಂದ ಪ್ರವೇಶದ ಅರ್ಜಿಯನ್ನು ತುಂಬುವ ಮೊದಲು ಪಾಲಕರು ಮೂರು ಸಂಗತಿಗಳನ್ನು ವಿಚಾರಿಸಲಿ. ಕಾಲೇಜಿನ ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ ಅತ್ಯಧಿಕ ವೇತನವಿರಲಿ, ನೂರು ವಿದ್ಯಾರ್ಥಿಗಳಲ್ಲಿ ಐವತ್ತನೆಯವನಿಗೆ ದೊರೆತುದೆಷ್ಟು? ಸಾಲದ ಕಂತನ್ನು ಕಳೆದರೆ ಕೈಯಲ್ಲಿ ಉಳಿಯುವುದೆಷ್ಟು? ಈ ಕೆಲಸವು ಕುಸಿದರೆ, ಕಲಿತ ವಿದ್ಯೆಯು ಇನ್ನೊಂದು ಕೆಲಸಕ್ಕೆ ಒದಗೀತೇ?

ನೆರೆಮನೆಯ ತಂದೆಯು ಆ ದಿನ ಮಗಳಿಗೆ ಉತ್ತರ ಕೊಡಲಿಲ್ಲ. ಮರುದಿನ ಕಾಗದ ಪೆನ್ಸಿಲು ಹಿಡಿದು, ಎರಡೂ ವಿಷಯಗಳ ಖರ್ಚನ್ನೂ ಹತ್ತು ವರ್ಷಗಳ ದಾರಿಯನ್ನೂ ಅವಳೊಡನೆ ಕುಳಿತು ಲೆಕ್ಕಹಾಕತೊಡಗಿದರು. ಆಯ್ಕೆ ಇನ್ನೂ ಆಗಿಲ್ಲ. ಆದರೆ ಲೆಕ್ಕವನ್ನು ಹಾಕುತ್ತಿರುವವರು ಈಗ ಇಬ್ಬರು.